ಎರಡು ಗೂಟದ ಕಟ್ಟು

ಪ್ರತಿ ವರ್ಷ ಎಲಿಪ್ಸ್ ಪಾಠವನ್ನು ನಾನು ಆದಷ್ಟು ಮುಂದೂಡುತ್ತೇನೆ. ಅಥಣಿಯ ಒಂದು ಪಿಯು ಕಾಲೇಜಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಕಾಯಂ ನೌಕರಿಯಲ್ಲ, ಅತಿಥಿ ಉಪನ್ಯಾಸಕಿ. ಅತಿಥಿ ಎನ್ನುವ ಮಾತಿನಲ್ಲಿರುವಷ್ಟು ಮರ್ಯಾದೆ ಆ ಕೆಲಸದಲ್ಲಿಲ್ಲ, ಅದಿರಲಿ. ‘ಎರಡು ನಿಗದಿತ ಬಿಂದುಗಳಿಂದ ಇರುವ ದೂರಗಳ ಮೊತ್ತ ಯಾವಾಗಲೂ ಒಂದೇ ಆಗಿರುವಂತೆ ಚಲಿಸುವ ಬಿಂದುವಿನ ಪಥವೇ ದೀರ್ಘವೃತ್ತ’ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಮಕ್ಕಳು ತಲೆ ತಗ್ಗಿಸಿ ಬರೆದುಕೊಳ್ಳುತ್ತಾರೆ. ‘ಚಲಿಸುವ ಬಿಂದು’ ಎನ್ನುವಲ್ಲಿ ನನ್ನ ಕೈ ಸ್ವಲ್ಪ ನಿಲ್ಲುತ್ತದೆ. ಯಾಕೆ ನಿಂತಿರಿ ಎಂದು ಇವತ್ತಿನವರೆಗೂ ಯಾರೂ ಕೇಳಿಲ್ಲ. ಕೇಳಿದ್ದರೂ ಹೇಳುವ ಧೈರ್ಯ ನನಗಿತ್ತು ಅಂತಲ್ಲ.

ನಮ್ಮೂರು ಸದಲಗಾದಿಂದ ಎರಡು ಮೈಲಿ. ದೂಧಗಂಗೆಗೆ ಹೋಗಿ ಸೇರುವ ಒಂದು ಹಳ್ಳದ ದಂಡೆಗೆ ನಮ್ಮ ಎರಡೆಕರೆ ಹೊಲ. ಅಪ್ಪ ಸಕ್ಕರೆ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ, ಪಾಳಿಯ ಕೆಲಸ. ಹಾಗಾಗಿ ಹೊಲ, ದನ, ಹಾಲು ಎಲ್ಲ ಅವ್ವನ ಪಾಲಿನವು. ಅವ್ವನ ತವರು ಕುಡಚಿ ಹತ್ತಿರ, ಕೃಷ್ಣಾ ದಂಡೆಯ ಮೇಲೆ. ನಾನು ಹುಟ್ಟಿದ ಮೇಲೆ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಾಗ ಅಜ್ಜ ಅವಳ ಜೊತೆ ಒಂದು ಎಮ್ಮೆಯ ಹೆಣ್ಣುಕರು ಕಳಿಸಿದ್ದನಂತೆ. ನಾನು ಹೇಳಹೊರಟಿರುವ ಎಮ್ಮೆ ಆ ಕರುವಿನ ಮಗಳು. ಮನೆಯಲ್ಲಿ ಇದು ನನ್ನದು ಎಂದು ಅವ್ವ ಹೇಳಬಹುದಾಗಿದ್ದ ಆಸ್ತಿ ಅದೊಂದೇ. ಅದರ ಕೊಟ್ಟಿಗೆಗೆ ಅಪ್ಪ ಕಾಲಿಟ್ಟದ್ದನ್ನು ನಾನು ನೋಡಿದ ನೆನಪಿಲ್ಲ. ಅದರ ಹಾಲಿನ ಚಹಾ ಮಾತ್ರ ದಿನಕ್ಕೆ ನಾಲ್ಕು ಸಲ ಬೇಕಾಗುತ್ತಿತ್ತು.

ಹಳ್ಳಕ್ಕೂ ಪಕ್ಕದವರ ಹೊಲಕ್ಕೂ ನಡುವೆ ಉದ್ದಕ್ಕೆ ಒಂದು ಹುಲ್ಲಿನ ಪಟ್ಟಿ. ಅಲ್ಲಿ ಒಂದೇ ಗೂಟಕ್ಕೆ ಎಮ್ಮೆ ಕಟ್ಟಿದರೆ ಅದು ದುಂಡಗೆ ಮೇಯುತ್ತದೆ. ಹಗ್ಗ ಉದ್ದ ಬಿಟ್ಟರೆ ಪಕ್ಕದವರ ಬೆಳೆಗೆ ಬಾಯಿ ಹಾಕುತ್ತದೆ, ಗಿಡ್ಡ ಮಾಡಿದರೆ ಹುಲ್ಲು ಹಾಗೇ ಉಳಿಯುತ್ತದೆ. ಅದಕ್ಕೆ ಅವ್ವ ತವರಿನಿಂದ ಕಲಿತು ಬಂದದ್ದು ಎರಡು ಗೂಟದ ಕಟ್ಟು. ಪಟ್ಟಿಯ ಉದ್ದಕ್ಕೆ ದೂರ ದೂರ ಎರಡು ಗೂಟ ಬಡಿಯುವುದು. ಒಂದೇ ಹಗ್ಗದ ಒಂದು ತುದಿ ಈ ಗೂಟಕ್ಕೆ, ಇನ್ನೊಂದು ತುದಿ ಆ ಗೂಟಕ್ಕೆ. ಹಗ್ಗದಲ್ಲಿ ಒಂದು ಕಬ್ಬಿಣದ ಬಳೆ ಪೋಣಿಸಿ, ಆ ಬಳೆಗೆ ಎಮ್ಮೆಯ ಕೊರಳ ಹಗ್ಗ ಕಟ್ಟುವುದು. ಎಮ್ಮೆ ನಡೆದಂತೆ ಬಳೆ ಹಗ್ಗದ ಮೇಲೆ ಜಾರುತ್ತದೆ. ಅವ್ವ ಹಗ್ಗವನ್ನು ಬಿಗಿಯಾಗಿ ಎಳೆದೇ ಕಟ್ಟುತ್ತಿದ್ದಳು. ಎಮ್ಮೆ ಆ ಗೂಟದಿಂದ ಈ ಗೂಟದವರೆಗೆ, ಹಗ್ಗದ ಅಕ್ಕಪಕ್ಕ ಮೂರು ಮೂರು ಮೊಳ ಮೇದುಕೊಂಡಿರುತ್ತಿತ್ತು. ಅಂಚಿನ ಹುಲ್ಲು ದಂಡವಾಗುತ್ತಿತ್ತು ನಿಜ. ಆದರೆ ಅಷ್ಟು ವರ್ಷಗಳಲ್ಲಿ ಒಂದು ಸಲವೂ ಎಮ್ಮೆ ಪಕ್ಕದ ಹೊಲಕ್ಕೆ ಬಾಯಿ ಹಾಕಿರಲಿಲ್ಲ.

ನಮ್ಮ ಕಡೆ ಒಂದು ರೂಢಿಯಿದೆ. ಕಟ್ಟಿದ ದನ ಇನ್ನೊಬ್ಬರ ಬೆಳೆ ತಿಂದರೆ ದನ ಯಾರದು, ಹಗ್ಗ ಯಾರು ಹೊಸೆದರು, ಕಟ್ಟಲು ಯಾರು ಹೇಳಿದರು ಎಂದು ಕೇಳುವುದಿಲ್ಲ. ಗೂಟ ಯಾರು ಬಡಿದರು ಎಂದು ಕೇಳುತ್ತಾರೆ. ಹೊಣೆ ಪೂರ್ತಿ ಅವರದು. ಬಹಳ ಸರಳವಾದ ನ್ಯಾಯ. ಬೆಳಗಾಗುವ ಮುಂಚೆ ಎದ್ದು ಗೂಟ ಬಡಿಯುವವರು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

ಹತ್ತನೆಯ ಕ್ಲಾಸು ಮುಗಿದ ಮೇಲೆ ನಾನು ಸೈನ್ಸ್ ತಗೋತೀನಿ ಎಂದಾಗ ಅಪ್ಪ ಬೇಡ ಎನ್ನಲಿಲ್ಲ. ಕೊಗನೊಳ್ಳಿ ಕಡೆಯ ಒಂದು ಸಂಬಂಧವನ್ನು ಆಗಲೇ ಮನಸ್ಸಿನಲ್ಲಿಟ್ಟುಕೊಂಡು, ಎಷ್ಟು ದಿನ ನಡೆಯುತ್ತೋ ನಡೆಯಲಿ ಎಂದು ಬಿಟ್ಟಿದ್ದ. ಚಿಕ್ಕೋಡಿಯ ಕಾಲೇಜಿಗೆ ಬಸ್ ಪಾಸ್ ಮಾಡಿಸಿಕೊಂಡು ಬಂದ ದಿನ ಅದನ್ನು ಕೈಯಲ್ಲಿ ತಿರುವಿ ನೋಡಿ ಹೇಳಿದ.

“ಕಲಿ. ಆದ್ರ ನಿನ್ನ ಕಾಲೇಜಿನ ಸಲುವಾಗಿ ಮನ್ಯಾಗ ಒಂದ ಕೆಲಸಾ ಕೆಟ್ಟಿತಂದ್ರ, ಅವತ್ತ ಈ ಪಾಸ್ ಹರದ ಒಗೀತೀನಿ ನೋಡ.”

ಅಪ್ಪ ಬಾಯಿಮಾತಿಗೆ ಹೇಳುವವನಲ್ಲ. ಅವ್ವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕಾಲೇಜಿನ ನಮ್ಮ ಗಣಿತದ ಸರ್, ಪುಸ್ತಕದಲ್ಲಿ ಕೊನೆಗೆ ಬರುವ, ಈ ಎಲಿಪ್ಸ್ ಇರುವ ಶಂಕುಜಗಳ ಪಾಠವನ್ನು ಮಳೆಗಾಲದಲ್ಲೇ ಮುಗಿಸುತ್ತಿದ್ದರು. ದಸರಾ ಆದ ಮೇಲೆ ಕಬ್ಬಿನ ಹಂಗಾಮು ಶುರುವಾದರೆ ಅರ್ಧ ಕ್ಲಾಸು ಖಾಲಿ. ಅದಕ್ಕೆ ಕಠಿಣ ಪಾಠಗಳೆಲ್ಲ ಮೊದಲು. ಅವರ ಪದ್ಧತಿಯೂ ಸರಳ. ವ್ಯಾಖ್ಯೆ ಬರೆಸುವುದು, ಅದರ ಕೆಳಗೆ ಹನ್ನೊಂದು ಸಾಲಿನ ಸಾಧನೆ ಬರೆಸುವುದು, “ಇಷ್ಟ ಬಾಯಿಪಾಠ ಮಾಡ್ರಿ, ಐದ ಮಾರ್ಕ್ಸ್ ಎಲ್ಲೂ ಹೋಗೂದಿಲ್ಲ” ಎನ್ನುವುದು. ಎಲ್ಲರೂ ಬಾಯಿಪಾಠ ಮಾಡಿದರು. ನನಗೆ ಮಾತ್ರ ಅದು ರುಚಿ ಹತ್ತಿತು. ಕೈಯಲ್ಲಿ ಒಂದು ಷರತ್ತು ಬಿಟ್ಟರೆ ಏನೂ ಇಲ್ಲ: ಇಲ್ಲಿಂದ ಇಷ್ಟು ದೂರ, ಅಲ್ಲಿಂದ ಅಷ್ಟು ದೂರ, ಕೂಡಿಸಿದರೆ ಇಷ್ಟು. ಅದನ್ನು ಬರೆದರೆ ಎರಡು ವರ್ಗಮೂಲಗಳು ಎದೆ ಸೆಟೆಸಿ ನಿಲ್ಲುತ್ತವೆ. ಒಂದನ್ನು ಆಚೆ ಕಳಿಸಿ ವರ್ಗ ಮಾಡಬೇಕು, ಉಳಿದದ್ದನ್ನು ಒಂಟಿ ಮಾಡಿ ಮತ್ತೆ ವರ್ಗ ಮಾಡಬೇಕು. ಕಸ ತುಂಬಿದ ಹೊಲವನ್ನು ಎರಡು ಸಲ ಹರಗಿದರೆ ಸಾಲು ಕಾಣುತ್ತವಲ್ಲ, ಹಾಗೆ ಕೊನೆಗೆ ಒಂದು ಚೊಕ್ಕ ಸಮೀಕರಣ ಉಳಿಯುತ್ತದೆ. ಬಿಂದು ಎಲ್ಲೆಲ್ಲಿ ಹೋಗಬಹುದೋ ಅದೆಲ್ಲ ಆ ಒಂದು ಸಾಲಿನಲ್ಲಿದೆ. ನನಗಂತೂ ಹುಚ್ಚು ಹಿಡಿದಿತ್ತು. ನಾಭಿ, ಅಂದರೆ ಆ ಎರಡು ನಿಗದಿತ ಬಿಂದು ಕೊಟ್ಟರೆ, ಮೊತ್ತ ಕೊಟ್ಟರೆ ಸಾಕು, ಸೂತ್ರ ಮುಟ್ಟದೆ ಪ್ರತಿ ಸಲವೂ ಮೊದಲಿನಿಂದ ಸಮೀಕರಣ ತೆಗೆಯುತ್ತಿದ್ದೆ.

ಒಂದು ದಿನ ಚಿಕ್ಕೋಡಿಯಿಂದ ಬರುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ತಲೆಗೆ ಹೊಳೆಯಿತು. ಅವ್ವನ ಎರಡು ಗೂಟಗಳೇ ಎರಡು ನಾಭಿಗಳು. ಹಗ್ಗದ ಉದ್ದವೇ ಮೊತ್ತ. ಕಬ್ಬಿಣದ ಬಳೆಯೇ ಚಲಿಸುವ ಬಿಂದು. ಹಗ್ಗ ಬಿಗಿಯಾಗಿದ್ದರೆ ಅದು ಬರೀ ಗೆರೆ, ಸ್ವಲ್ಪ ಸಡಿಲ ಬಿಟ್ಟರೆ ದೀರ್ಘವೃತ್ತ. ನನ್ನ ಅವ್ವ ಶಾಲೆಯ ಮೆಟ್ಟಿಲು ಹತ್ತದೆ ಎಲಿಪ್ಸ್ ಕಟ್ಟುತ್ತಿದ್ದಾಳೆ, ಮತ್ತು ಅದನ್ನು ಸರಿಯಾಗಿ ಕಟ್ಟುವುದು ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತಿದೆ ಎಂದು ಅನಿಸಿತು. ಈ ಎರಡನೆಯ ಅರ್ಧವನ್ನು ಬರೆಯುವಾಗ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮನೆಗೆ ಬಂದವಳೇ ಹೊಲಕ್ಕೆ ಹೋಗಿ ಮೊಳ ಹಾಕಿದೆ. ಗೂಟಗಳ ನಡುವೆ ಇಪ್ಪತ್ನಾಲ್ಕು ಮೊಳ. ಗೂಟದ ಸಾಲಿನಿಂದ ಪಕ್ಕದವರ ಸೋಯಾಬೀನಿನ ಅಂಚಿಗೆ ಏಳು ಮೊಳ. ಆಚೆ ಕಡೆ ಹಳ್ಳ, ಅದರ ಚಿಂತೆಯಿಲ್ಲ. ನೋಟ್‌ಬುಕ್ಕಿನಲ್ಲಿ ಹಗ್ಗ ಇಪ್ಪತ್ತಾರು ಮೊಳ ಎಂದಿಟ್ಟುಕೊಂಡು ಶುರು ಮಾಡಿದೆ. ಎರಡು ಸಲ ವರ್ಗ ಮಾಡಿದ ಮೇಲೆ ಬಂತು: ಎಕ್ಸ್ ವರ್ಗವನ್ನು ನೂರ ಅರವತ್ತೊಂಬತ್ತರಿಂದ, ವೈ ವರ್ಗವನ್ನು ಇಪ್ಪತ್ತೈದರಿಂದ ಭಾಗಿಸಿ ಕೂಡಿಸಿದರೆ ಒಂದು. ಅಂದರೆ ಪಕ್ಕಕ್ಕೆ ಐದು ಮೊಳ. ಎರಡೇ ಮೊಳ ಸಡಿಲ ಬಿಟ್ಟರೆ ಎರಡೂ ಕಡೆ ಐದೈದು ಮೊಳ ಸಿಗುತ್ತದೆ ಎಂದು ಕಣ್ಣಂದಾಜಿನಲ್ಲಿ ಯಾರಿಗೂ ಹೊಳೆಯುವುದಿಲ್ಲ. ಲೆಕ್ಕಕ್ಕೆ ಮಾತ್ರ ಅದು ಕಾಣುತ್ತದೆ. ಸೋಯಾಬೀನು ಏಳು ಮೊಳದಾಚೆ ಇದೆ, ಇನ್ನೂ ಎರಡು ಮೊಳ ಉಳಿಯಿತು. ನಾನು ನಾಲ್ಕು ಸಲ ತಾಳೆ ನೋಡಿದೆ. ನಾಲ್ಕು ಸಲವೂ ಸರಿಯಿತ್ತು.

ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನೋಟ್‌ಬುಕ್ ತೋರಿಸಿ ಹೇಳಿದೆ. ಅವಳು ಆ ಅಕ್ಷರಗಳನ್ನು ನೋಡಿದಳೇ ಹೊರತು ಏನು ಅಂತ ಕೇಳಲಿಲ್ಲ.

“ಎರಡ ಮೊಳಾ ಸಡ್ಲ ಬಿಟ್ರ ಭಾಳ ಆಗಂಗಿಲ್ಲೇನ ಬೇ? ಎಮ್ಮಿ ಕೊಳ್ಳಾ ಚಾಚತೈತಿ,” ಎಂದಳು.

“ಲೆಕ್ಕಾ ಮಾಡೀನವಾ. ಐದ ಮೊಳಾ ಅಂದ್ರ ಐದ ಮೊಳಾ. ಅದರಾಚೆ ಹೋಗಾಕ ಬರೂದಿಲ್ಲ ಅದಕ.”

“ಖರೇನ?”

“ಇಷ್ಟ ಓದಾಕತ್ತೀನಿ, ಇಷ್ಟೂ ಗೊತ್ತಾಗೂದಿಲ್ಲೇನ ನನಗ?”

ಅವ್ವ ಹಿಟ್ಟಿನ ಕೈ ಒರೆಸಿಕೊಂಡು ನಕ್ಕಳು. ಆ ನಗುವಿನಲ್ಲಿ ನನ್ನ ಬಗ್ಗೆ ಇದ್ದ ಹೆಮ್ಮೆ ಎಷ್ಟು, ನನ್ನನ್ನು ಎದುರಿಸಲಾಗದ ಸಂಕೋಚ ಎಷ್ಟು ಎಂದು ಬೇರ್ಪಡಿಸಲು ನನಗೆ ಇವತ್ತಿಗೂ ಆಗಿಲ್ಲ. ಮರುದಿನ ಅವಳು ಇಪ್ಪತ್ತಾರು ಮೊಳದ ಹಗ್ಗ ಕಟ್ಟಿದಳು.

ಎರಡು ದಿನ ಏನೂ ಆಗಲಿಲ್ಲ. ಎಮ್ಮೆ ಹೊಟ್ಟೆ ಬಿರಿಯುವಂತೆ ಮೇದು ಬಂತು. ಒಂದು ತಂಬಿಗೆ ಹಾಲು ಹೆಚ್ಚಾಯಿತು ಎಂದು ಅವ್ವ ಹೇಳಿದಾಗ ನಾನು ಸೊಕ್ಕಿನಿಂದ ಬೀಗಿದೆ. ಎರಡನೆಯ ದಿನ ಸಂಜೆ ಪಕ್ಕದ ಹೊಲದ ಕಾಕಾ ನಮ್ಮ ಅಂಗಳಕ್ಕೆ ಬಂದ. ಒಳ್ಳೆಯ ಮನುಷ್ಯ, ಜಗಳದವನಲ್ಲ. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಎನ್ನುತ್ತಾರೆ.

“ವೈನಿ, ನಾಳೆ ಮುಂಜಾನೆ ಸೋಯಾಬೀನಿಗೆ ಎಣ್ಣಿ ಹೊಡೀತೀನ್ರಿ. ಒಂದೆರಡ ದಿನಾ ಎಮ್ಮಿ ಅಲ್ಲೆ ಕಟ್ಟಬ್ಯಾಡ್ರಿ.”

ಅವ್ವ ಒಂದು ಗಳಿಗೆ ನನ್ನ ಕಡೆ ನೋಡಿದಳು. ನಾನು ಬಾಗಿಲಲ್ಲಿ ನಿಂತಿದ್ದೆ, ಇಲ್ಲ ಎಂದು ತಲೆಯಾಡಿಸಿದೆ. ಏನೂ ಆಗುವುದಿಲ್ಲ ಎಂದು ಅದರ ಅರ್ಥ.

“ಅಲ್ಲಿ ತನಕಾ ಅದರ ಬಾಯಿ ನಿಲಕೂದಿಲ್ಲ ತಗೋರಿ,” ಎಂದಳು ಅವ್ವ.

ಮರುದಿನ ಸಂಜೆ ಬಸ್ಸಿಳಿದು ಬರುವಾಗ ಹಳ್ಳದ ದಂಡೆಯ ಮೇಲೆ ಜನ ಕಂಡರು. ಎಮ್ಮೆ ಮಗ್ಗುಲಾಗಿ ಬಿದ್ದಿತ್ತು. ಬಾಯಿಂದ ನೊರೆ, ಕಣ್ಣು ಮೇಲೆ. ಸದಲಗಾದಿಂದ ದನದ ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು. ಸಂಕಟಕ್ಕೆ ಹೊರಳಾಡಿದ ಜೋರಿಗೆ ಒಂದು ಗೂಟ ಕಿತ್ತು ಬಂದು ದೂರ ಬಿದ್ದಿತ್ತು. ಪಾಳಿ ಮುಗಿಸಿ ಬಂದಿದ್ದ ಅಪ್ಪ ಆ ಗೂಟವನ್ನು ಕೈಯಲ್ಲಿ ಹಿಡಿದುಕೊಂಡಿದ್ದ. ಅವ್ವ ಎಮ್ಮೆಯ ತಲೆಯ ಹತ್ತಿರ ಕೂತಿದ್ದಳು, ಅಳುತ್ತಿರಲಿಲ್ಲ.

“ಗೂಟಾ ಯಾರ ಬಡದದ್ದು?” ಎಂದ ಅಪ್ಪ. ಗೊತ್ತಿದ್ದೇ ಕೇಳಿದ. ಹತ್ತು ಜನರ ಮುಂದೆ ಕೇಳಬೇಕು ಎಂದು ಕೇಳಿದ.

“ನಾನ,” ಎಂದಳು ಅವ್ವ.

“ಎಣ್ಣಿ ಹೊಡೀತೀನಿ ಅಂತ ಹೇಳಿದ ಮ್ಯಾಲೂ ಇಲ್ಲೇ ಕಟ್ಟಿದಿ. ಕಟ್ಟೂದ ಕಟ್ಟಿದಿ, ಗೂಟರೆ ನೆಟ್ಟಗ ಬಡೀಬೇಕಿಲ್ಲ? ಸಡ್ಲ ಗೂಟಾ ಕಿತ್ಕೊಂಡ ಹೋಗಿ ಎಣ್ಣಿ ತಿಂದೈತಿ.”

ನಾನು ಅಲ್ಲೇ ಇದ್ದೆ. ಅವ್ವನ ಬೆನ್ನು ನನಗೆ ಕಾಣುತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ಹುಡುಗಿ ಹೇಳಿದಳು, ಲೆಕ್ಕ ಮಾಡಿದ್ದಳು ಎಂಬ ಒಂದು ಮಾತು ಅವಳ ಬಾಯಿಂದ ಬಂದಿದ್ದರೆ ಅವತ್ತೇ ನನ್ನ ಪಾಸ್ ಹರಿಯುತ್ತಿತ್ತು.

“ಸಡ್ಲ ಆಗಿರಬೇಕ್ರಿ,” ಎಂದಳು.

ಆ ರಾತ್ರಿ ನಾನೂ ಹಾಗೇ ಅಂದುಕೊಂಡು ಮಲಗಿದೆ, ಗೂಟ ಸಡಿಲ ಇದ್ದಿರಬೇಕು, ನನ್ನ ಲೆಕ್ಕ ಸರಿ. ಬೆಳಿಗ್ಗೆ ಬಸ್ಸಿಗೆ ಮುಂಚೆ ಹೊಲಕ್ಕೆ ಹೋದೆ. ಸೋಯಾಬೀನಿನ ಅಂಚು ನೋಡಿದೆ. ಹದಿನೈದು ಹದಿನಾರು ಮೊಳ ಉದ್ದಕ್ಕೆ ಅಂಚಿನ ಗಿಡಗಳನ್ನು ಎಮ್ಮೆ ಮೇದಿತ್ತು. ನಟ್ಟನಡುವೆ ಒಂದು ಮೊಳ ಒಳಗೆ, ಎರಡೂ ಕಡೆಗೆ ಹೋದಂತೆ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತ, ಕೊನೆಗೆ ಅಂಚಿಗೆ ಸೇರುವ ನಯವಾದ ಬಾಗು. ಕೈವಾರ ಹಿಡಿದು ಗೀಚಿದಷ್ಟು ಚೊಕ್ಕವಾಗಿತ್ತು. ಕೆಲವು ಗಿಡಗಳ ಕಡಿತ ಒಣಗಿತ್ತು, ಅಂದರೆ ಮೊದಲ ದಿನದಿಂದಲೇ ಮೇಯುತ್ತಿತ್ತು. ಒಳಗೆ ಒಂದೂ ಗೊರಸಿನ ಗುರುತಿರಲಿಲ್ಲ. ಗೂಟ ಕಿತ್ತುಕೊಂಡು ನುಗ್ಗಿದ ಎಮ್ಮೆ ಬೆಳೆ ತುಳಿಯದೆ, ಗೆರೆ ಹಿಡಿದು ಮೇಯುತ್ತದೆಯೇ? ಗೂಟಗಳು ಕೊನೆಯವರೆಗೆ ಗಟ್ಟಿಯಾಗಿಯೇ ಇದ್ದವು. ಸಾಯುವಾಗ ಮಾತ್ರ ಒಂದು ಕಿತ್ತದ್ದು.

ಬಳೆ ಐದು ಮೊಳಕ್ಕೆ ನಿಂತಿತ್ತು, ನನ್ನ ಸಮೀಕರಣ ಹೇಳಿದಂತೆಯೇ. ಆದರೆ ಹುಲ್ಲು ಮೇಯುವುದು ಬಳೆಯಲ್ಲ. ಬಳೆಯಿಂದಾಚೆ ಒಂದೂವರೆ ಮೊಳ ಕೊರಳ ಹಗ್ಗ, ಅದರಾಚೆ ಒಂದೂವರೆ ಮೊಳ ಎಮ್ಮೆಯ ಕುತ್ತಿಗೆ ಮತ್ತು ಬಾಯಿ. ಹಗ್ಗ ಬಿಗಿ ಇದ್ದಾಗಲೂ ಮೂರು ಮೊಳ ಮೇಯುತ್ತಿದ್ದದ್ದು ಅದೇ ಕಾರಣಕ್ಕೆ, ದಿನಾ ನೋಡುತ್ತಿದ್ದೆ. ಐದಕ್ಕೆ ಮೂರು ಕೂಡಿಸಿದರೆ ಎಂಟು. ಒಂದನೆಯ ಕ್ಲಾಸಿನ ಲೆಕ್ಕ. ಅವ್ವ ಅದನ್ನು ಬಾಯಿಬಿಟ್ಟು ಹೇಳಿದ್ದಳು, ಕೊಳ್ಳಾ ಚಾಚತೈತಿ ಎಂದು. ವರ್ಗಮೂಲಗಳನ್ನು ಎರಡು ಸಲ ಹರಗಿದ ನಾನು ಎಮ್ಮೆಯನ್ನು ಒಂದು ಬಿಂದು ಮಾಡಿಟ್ಟಿದ್ದೆ.

ಸತ್ಯ ಸೋಯಾಬೀನಿನಲ್ಲಿ ಬರೆದಿತ್ತು. ಇಡೀ ಊರಿನಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಅಪ್ಪನನ್ನು ಕರೆದುಕೊಂಡು ಬಂದು ತೋರಿಸಬಹುದಿತ್ತು: ನೋಡು, ಗೂಟದ ತಪ್ಪಲ್ಲ ಇದು, ಅವ್ವನ ತಪ್ಪಲ್ಲ. ಆಮೇಲೆ ತಪ್ಪು ಯಾರದು ಎಂದು ಅವನು ಕೇಳುತ್ತಿದ್ದ. ಬಸ್ಸಿನ ಹಾರ್ನ್ ಕೇಳಿಸಿತು. ಓಡಿಹೋಗಿ ಹತ್ತಿದೆ. ಸೀಟು ಸಹ ಸಿಕ್ಕಿತು.

ಕಾಲೇಜಿನಲ್ಲಿ ಸರ್ ಹತ್ತಿರ ಹೋಗಿ ಕೇಳಿದೆ. “ಸರ್, ಎಲಿಪ್ಸಿನ ಮ್ಯಾಲಿನ ಪ್ರತಿ ಬಿಂದುವಿನಿಂದ ಹೊರಗ ಮೂರ ಮಾನಾ ದೂರ ಹೋದ್ರ ಯಾವ ಸಮೀಕರಣ ಬರತೈತ್ರಿ?” ಅವರು ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ. “ಪರೀಕ್ಷೆಗೆ ಬರಂಗಿಲ್ಲ ಅದು,” ಎಂದರು. ಪರೀಕ್ಷೆಗೆ ಬಂದದ್ದು ಮಾಮೂಲಿ ಪ್ರಶ್ನೆಯೇ, ನಾಭಿ ಕೊಟ್ಟಿದ್ದರು, ಮೊತ್ತ ಕೊಟ್ಟಿದ್ದರು. ನನಗೆ ಐದಕ್ಕೆ ಐದು ಬಂತು. ಎಮ್ಮೆಸ್ಸಿ ಓದುವಾಗ ಗೊತ್ತಾಯಿತು, ಎಲಿಪ್ಸಿನಿಂದ ಎಲ್ಲ ಕಡೆ ಒಂದೇ ಅಂತರ ಬಿಟ್ಟು ಎಳೆದ ಗೆರೆ ಎಲಿಪ್ಸೇ ಅಲ್ಲವಂತೆ. ಅದರ ಸಮೀಕರಣ ಎಂಟನೆಯ ಘಾತದ್ದು, ಬರೆಯಲು ಹೋದರೆ ಪುಟ ಸಾಲದು. ನಾನು ಹದಿನಾರು ವರ್ಷಕ್ಕೆ ಹನ್ನೊಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೆ.

ಎಮ್ಮೆ ಹೋದ ವಾರ ಅಪ್ಪ ಗೂಟ ಬಡಿಯುವ ಕೊಡತಿಯನ್ನು ಅವ್ವನ ಕೈಯಿಂದ ಇಸಿದುಕೊಂಡು ಅಟ್ಟಕ್ಕೆ ಹಾಕಿದ. ಮತ್ತೆ ಎಮ್ಮೆ ತರಲಿಲ್ಲ. ಅವ್ವ ಬೇರೆಯವರ ಹೊಲಕ್ಕೆ ಕಳೆ ಕೀಳಲು ಹೋಗತೊಡಗಿದಳು. ಕಾಲೇಜಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕೆಲವು ದಿನ ಅವಳು ಕಾಣುತ್ತಿದ್ದಳು, ಹೆಂಗಸರ ಸಾಲಿನಲ್ಲಿ ಬಗ್ಗಿ ಕೂತವಳು. ನಾನು ಕೈ ಬೀಸುತ್ತಿರಲಿಲ್ಲ. ಅದಕ್ಕಿಂತ ಕೆಟ್ಟದ್ದು ಬೇರೆ. ಅಪ್ಪ ಆ ಕಥೆಯನ್ನು ಮದುವೆ ಮುಂಜಿಗಳಲ್ಲಿ ಹೇಳಲು ಶುರು ಮಾಡಿದ. ಮೊದಲು ಸಿಟ್ಟಿನಿಂದ, ಆಮೇಲಾಮೇಲೆ ತಮಾಷೆಗೆ. “ನಮ್ಮಾಕಿ ಗೂಟಾ ಬಡದ್ಲಂದ್ರ ಎಮ್ಮಿ ಸ್ವರ್ಗಕ್ಕ ಹೋಗತೈತಿ” ಎಂದರೆ ಪಂಕ್ತಿಯಲ್ಲಿ ಕೂತವರೆಲ್ಲ ನಗುತ್ತಿದ್ದರು. ಮಂಟಪದ ಹಗ್ಗ ಕಟ್ಟಲು ಅವ್ವ ಕೈಹಾಕಿದರೂ ಯಾರಾದರೂ ಬಂದು ಹಾಸ್ಯ ಮಾಡಿ ಬಿಡಿಸಿಕೊಳ್ಳುತ್ತಿದ್ದರು. ಅವಳೂ ನಗುತ್ತಿದ್ದಳು. ನಾನು ಬಡಿಸಿದ್ದನ್ನು ಉಣ್ಣುತ್ತ ಕೂತಿರುತ್ತಿದ್ದೆ. ಡಿಗ್ರಿ ಆಗುವ ತನಕ ಹೇಳುವುದು ಬೇಡ ಎಂದುಕೊಂಡಿದ್ದೆ. ಆಮೇಲೆ ಎಮ್ಮೆಸ್ಸಿ ಆಗಲಿ ಎಂದೆ, ಆಮೇಲೆ ನೌಕರಿ ಸಿಗಲಿ ಎಂದೆ. ಹೇಡಿಗೆ ನೆಪಗಳಿಗೆ ಬರವಿಲ್ಲ.

ಈ ವರ್ಷ ಅಪ್ಪ ನಿವೃತ್ತನಾದ. ಹೊತ್ತು ಹೋಗಲಿ ಎಂದು ಒಂದು ಎಮ್ಮೆ ತಂದ. ಮಳೆಗಾಲದ ಒಂದು ರವಿವಾರ ನಾನು ಊರಿಗೆ ಹೋದಾಗ ರಾಯಬಾಗದಿಂದ ಅವನ ಇಬ್ಬರು ಹಳೆಯ ಜೊತೆಗಾರರು ಎಮ್ಮೆ ನೋಡಲು ಬಂದಿದ್ದರು. ಪಡಸಾಲೆಯಲ್ಲಿ ಕೂತು ಅಪ್ಪ ಮತ್ತೆ ಅದೇ ಕಥೆ ತೆಗೆದ. “ಹಾಲ ಹಿಂಡಾಕ ಬಿಡತೀನಿ ಅಕೀಗೆ, ಕಟ್ಟಾಕ ಬಿಡೂದಿಲ್ಲ,” ಎಂದ. ನಗು ಅಡುಗೆಮನೆಯವರೆಗೆ ಕೇಳಿಸಿತು. ಅವ್ವ ಚಹಾಕ್ಕೆ ನೀರಿಡುತ್ತಿದ್ದಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

“ಅವ್ವಾ, ಅವತ್ತ ತಪ್ಪ ನಿಂದಲ್ಲ. ಹಗ್ಗದ ಲೆಕ್ಕಾ ನಾ ತಪ್ಪ ಮಾಡಿದ್ದೆ. ಎಮ್ಮಿ ಕೊಳ್ಳಾ ಎಣಿಸಿರಲಿಲ್ಲ ನಾ. ಮರುದಿನಾನ ನನಗ ಗೊತ್ತಾಗಿತ್ತು.”

ಅಷ್ಟು ವರ್ಷ ಕಾದು ಹೇಳಿದ ಮಾತು ಅಷ್ಟು ಚಿಕ್ಕದಾಗಿತ್ತು. ಅವ್ವ ಸಕ್ಕರೆ ಡಬ್ಬಿ ತೆರೆಯುತ್ತ ಹೇಳಿದಳು:

“ಇಲ್ಲ ಬೇ. ಪುಸ್ತಕದಾನ ಲೆಕ್ಕಾ ಹೆಂಗ ತಪ್ಪತೈತಿ? ಅವತ್ತ ನನ್ನ ಕೈ ನೋಯ್ತಿತ್ತು, ಎರಡ ಪೆಟ್ಟ ಕಮ್ಮಿ ಹಾಕಿದ್ದೆ. ಗೂಟಾನ ಸಡ್ಲ ಇತ್ತು.”

ಕೈ ನೋಯುತ್ತಿರಲಿಲ್ಲ. ಅವತ್ತು ಬೆಳಿಗ್ಗೆ ಪುಸ್ತಕ ಹಿಡಿದು ದಂಡೆಯ ಮೇಲೆ ನಾನೇ ನಿಂತಿದ್ದೆ, ಅವಳು ಎಂದಿನಂತೆ ಬಡಿದಿದ್ದಳು. ಅಷ್ಟು ವರ್ಷ ಅಷ್ಟು ಜನ ಹೇಳಿ ಹೇಳಿ, ಇಲ್ಲದ ನೋವನ್ನೂ ಹಾಕದ ಪೆಟ್ಟನ್ನೂ ಅವಳಿಗೆ ನೆನಪು ಮಾಡಿಕೊಟ್ಟಿದ್ದರು. ನಾನು ನೆಲದ ಮೇಲೆ ಸೀಮೆಸುಣ್ಣದಿಂದ ಗೂಟ, ಹಗ್ಗ, ಬಳೆ ಎಲ್ಲ ಬರೆದು ತೋರಿಸಿದೆ. ನೋಡಿದಳು. ಕೊನೆಗೆ, “ಇರಲಿ ಬಿಡು. ನಿಮ್ಮಪ್ಪನ ಮುಂದ ಹೇಳಬ್ಯಾಡ,” ಎಂದಳು. ಇನ್ನೂ ಯಾವ ಪಾಸ್ ಹರಿಯುವ ಹೆದರಿಕೆಯೋ ಅವಳಿಗೆ.

ಈ ಸಲ ಸುಮ್ಮನಿರುವುದಿಲ್ಲ ಎಂದು ನಾನು ಪಡಸಾಲೆಗೆ ಹೋದೆ. ಬಂದವರ ಮುಂದೆಯೇ ಹೇಳಿದೆ. ಹಗ್ಗ ಎಷ್ಟು ಬಿಡಬೇಕೆಂದು ಅವ್ವನಿಗೆ ಹೇಳಿದ್ದು ನಾನು, ಲೆಕ್ಕ ತಪ್ಪಿದ್ದು ನನ್ನದು, ಗೂಟ ಸರಿಯಿತ್ತು, ಸೋಯಾಬೀನಿನ ಅಂಚು ನಾನು ಕಣ್ಣಾರೆ ನೋಡಿದ್ದೆ. ಒಂದೇ ಉಸಿರಿಗೆ ಹೇಳಿದೆ. ಅಪ್ಪ ಬಯ್ಯಬಹುದು, ಎದ್ದು ಹೋಗಬಹುದು, ಯಾವುದಕ್ಕೂ ನಾನು ತಯಾರಿದ್ದೆ. ಅವನು ನನ್ನನ್ನು ದಾಟಿ, ಅಡುಗೆಮನೆಯ ಬಾಗಿಲಿನ ಕಡೆ ಮುಖ ಮಾಡಿ ಕೂಗಿ ಹೇಳಿದ.

“ಏ, ಕೇಳಿಲ್ಲೆ. ಹದಿನಾರ ವರ್ಷದ ಹುಡುಗಿ ಹೇಳಿದ್ಲಂತ ಎಮ್ಮಿ ಹಗ್ಗಾ ಸಡ್ಲ ಬಿಟ್ಟಿದೇನ ನೀ? ನಿನಗರೆ ಬುದ್ಧಿ ಬ್ಯಾಡೇನ?”

ಬಂದವರು ನಕ್ಕರು. ಒಬ್ಬ ನನ್ನ ಕಡೆ ತಿರುಗಿ, “ಸಣ್ಣಾಕಿ ಇದ್ದಿ ಆಗ, ನಿಂದೇನ ತಪ್ಪ ತಗೋ ತಂಗಿ,” ಎಂದು ಸಮಾಧಾನ ಹೇಳಿದ.

ನಾನು ಒಳಗೆ ಬಂದೆ. ಅವ್ವ ನಾಲ್ಕು ಕಪ್ಪುಗಳಿಗೆ ಚಹಾ ಸೋಸುತ್ತಿದ್ದಳು. ಒಂದು ಹನಿಯೂ ಆಚೆ ಬೀಳಲಿಲ್ಲ.

“ಇಷ್ಟ ದಿನಾ ಗೂಟಾ ಬಡ್ಯಾಕ ಬರೂದಿಲ್ಲ ಅಂತಿದ್ರು,” ಎಂದಳು ನನ್ನನ್ನು ನೋಡದೆ. “ಇನ್ನ ಮ್ಯಾಲ ಬುದ್ಧೀನೂ ಇಲ್ಲ ಅಂತಾರ.”

ತಾಟು ಎತ್ತಿಕೊಂಡು ಅವರಿಗೆ ಚಹಾ ಕೊಡಲು ಹೋದಳು.